ಸೋಸಿದ ನೀರಿನ ಮನೆ

ಶೇಡಬಾಳ, 12 ಫೆಬ್ರುವರಿ 1991, ಮಂಗಳವಾರ

ಈ ಡೈರಿಯನ್ನು ಅಥಣಿಯ ಔಷಧದ ಅಂಗಡಿಯವರು ದ್ರಾಕ್ಷಿ ಬೆಳೆಯುವವರಿಗೆ ಹಂಚಿದ್ದು. ಯಾವ ದಿನ ತೋಟಕ್ಕೆ ಯಾವ ವಿಷ ಹೊಡೆದೆವು ಎಂದು ಬರೆದಿಡಲಿಕ್ಕೆ. ಇವತ್ತು ನಾನು ಬೇರೆ ವಿಷ ಬರೆಯುತ್ತೇನೆ.

ನಮಗೆ ಮೋಸವಾಗಿದೆ. ಎರಡು ವರ್ಷದ ಹಿಂದೆ ತಂದುಕೊಂಡ ಸೊಸೆ ರಾಜಮತಿಗೆ ಫಿಟ್ಸು. ಬೆಳಿಗ್ಗೆ ರೊಟ್ಟಿ ಬಡಿಯುತ್ತಿದ್ದವಳ ಬಲಗೈ ತಾನೇ ಕುಣಿಯತೊಡಗಿತು, ಆಮೇಲೆ ಇಡೀ ಮೈ. ಒಲೆಯ ಪಕ್ಕಕ್ಕೇ ಬಿದ್ದಳು. ಬಾಯಲ್ಲಿ ನೊರೆ, ಕಣ್ಣು ಮೇಲಕ್ಕೆ. ಕಳೆದ ತಿಂಗಳು ಹೀಗೇ ಬಿದ್ದಾಗ ತಲೆ ತಿರುಗಿತು ಅಂದಿದ್ದಳು. ನಾನು ನಂಬಿದ್ದೆ, ದಡ್ಡಿ.

ಪಾತ್ರೆ ತಿಕ್ಕುವ ಸಕ್ಕುಬಾಯಿ ಹಿತ್ತಲಿನಿಂದ ಓಡಿ ಬಂದು ತಲೆಯನ್ನು ಒಲೆಯಿಂದ ಆಚೆ ಎಳೆದಳು. ಆಮೇಲೆ ತನ್ನ ಮನೆಗೆ ಓಡಿ ಒಂದು ಉಳ್ಳಾಗಡ್ಡಿ ಒಡೆದುಕೊಂಡು ಬಂದು ಮೂಗಿಗೆ ಹಿಡಿದಳು. ನನ್ನ ಅಡುಗೆಮನೆಯಲ್ಲಿ ಉಳ್ಳಾಗಡ್ಡಿ! ನಾನು ಈ ಮನೆಗೆ ಬಂದು ಮೂವತ್ತು ವರ್ಷ. ನೆಲದೊಳಗೆ ಬೆಳೆದದ್ದನ್ನು ಈ ಹೊಸ್ತಿಲು ದಾಟಿಸಿಲ್ಲ. ಹೊತ್ತು ಮುಳುಗಿದ ಮೇಲೆ ಉಂಡಿಲ್ಲ. ಬಟ್ಟೆಯಲ್ಲಿ ಸೋಸದ ನೀರನ್ನು ಈ ಮನೆಯ ದನ ಸಹ ಕುಡಿದಿಲ್ಲ. ನಾನು ಕೂಗಿಕೊಂಡೆ.

"ಅವ್ವಾರ, ಮೊದಲ ಉಸುರು ಬರ್ಲಿ. ಆಮ್ಯಾಲ ಬೈಯೂವಂತ್ರಿ," ಅಂದಳು ಸಕ್ಕುಬಾಯಿ.

ಮಗ ಧರಣೇಂದ್ರ ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ. ಸಂಜೆ ಹಣ್ಣಿನ ಲಾರಿಯೊಂದಿಗೆ ಗೋವಾಕ್ಕೆ ಹೋದ. ಅವನಾದರೂ ಏನು ಮಾಡಿಯಾನು, ಕೊಯ್ದ ದ್ರಾಕ್ಷಿ ಕಾಯುತ್ತದೆಯೇ? ವರ್ಷದಿಂದ ಸೊರಗಿದ್ದಾನೆ. ಎರಡು ರೊಟ್ಟಿ ಹೆಚ್ಚೇ ತಿನ್ನುತ್ತಾನೆ, ಮೈಗೆ ಹತ್ತುವುದಿಲ್ಲ. ಇಂಥವಳನ್ನು ಕಟ್ಟಿಕೊಂಡರೆ ಹೇಗೆ ಹತ್ತೀತು?

14 ಫೆಬ್ರುವರಿ, ಗುರುವಾರ

ಬೋರಗಾಂವದಿಂದ ಅವಳ ತಂದೆ ಭಾವುಸಾಹೇಬ ಬಂದಿದ್ದ. ಚಹಾ ಕೊಡಲಿಲ್ಲ. ಮಗ್ಗದ ಸದ್ದಿನಲ್ಲೇ ಇದ್ದು ಇದ್ದು ಅವನಿಗೆ ಕೂಗಿ ಮಾತಾಡುವುದೇ ರೂಢಿ. ಇವತ್ತು ಅವನ ದನಿ ಕೇಳಿಸುತ್ತಲೇ ಇರಲಿಲ್ಲ.

"ಅಕ್ಕಾರ, ಜಿನೇಶ್ವರನ ಆಣಿ. ನಮ್ಮ ಮನ್ಯಾಗ ಇದ್ದಾಗ ಆಕಿಗೆ ಒಂದ್ ದಿವಸ ನೆಗಡಿ ಬಿಟ್ರ ಮತ್ತೇನೂ ಆಗಿದ್ದಿಲ್ರಿ."

"ಹಂಗಾರ ನಮ್ಮ ಮನ್ಯಾಗ ಬಂದಿದ್ದೇನ್ರಿ ಇದು?" ಅಂದೆ. "ಲಗ್ನಕ್ಕ ಮೊದಲ ಮುಚ್ಚಿಟ್ರಿ. ಈಗ ದೇವರ ಹೆಸರು ತಗೋತೀರಿ."

ಕಾಗವಾಡದ ಡಾಕ್ಟರು ಒಂದು ಚೀಟಿ ಕೊಟ್ಟಿದ್ದಾರೆ. ಮಿರಜಿನಲ್ಲಿ ತಲೆಯೊಳಗಿನ ಫೋಟೊ ತೆಗೆಯುವ ಯಂತ್ರ ಇದೆಯಂತೆ, ಸ್ಕ್ಯಾನಿಂಗ್. ಆಗಲಿ. ರೋಗ ಹಳೆಯದು ಎಂದು ಯಂತ್ರವೇ ಹೇಳಲಿ. ಆ ಫೋಟೊವನ್ನೂ ಹುಡುಗಿಯನ್ನೂ ಒಟ್ಟಿಗೇ ಬೋರಗಾಂವಕ್ಕೆ ಕಳಿಸುತ್ತೇನೆ. ಅವನ ಎದುರಿಗೇ ಹೇಳಿದೆ. ಹುಡುಗಿ ಒಳಗೆ ಅಕ್ಕಿ ಆರಿಸುತ್ತಿದ್ದಳು. ಕೇಳಿಸಿರಬೇಕು.

19 ಫೆಬ್ರುವರಿ, ಮಂಗಳವಾರ

ಮಿರಜಿಗೆ ಹೋಗಿ ಬಂದೆವು, ನಾನು, ಹುಡುಗಿ, ಭಾವುಸಾಹೇಬ. ಧರಣೇಂದ್ರನಿಗೆ ತೋಟದಲ್ಲಿ ಕೆಲಸ.

ಯಂತ್ರ ಎಂದರೆ ಬಾವಿಯ ಕಟ್ಟೆಯನ್ನು ಎತ್ತಿ ಗೋಡೆಗೆ ನಿಲ್ಲಿಸಿದಂತೆ ಒಂದು ದೊಡ್ಡ ಬಳೆ. ಹುಡುಗಿಯ ಮಂಗಳಸೂತ್ರ, ಕಿವಿಯೋಲೆ, ತಲೆಪಿನ್ನು ಎಲ್ಲ ಬಿಚ್ಚಿಸಿ ನನ್ನ ಸೆರಗಿಗೆ ಹಾಕಿದರು. ಕೈಗೆ ಒಂದು ಔಷಧ ಚುಚ್ಚಿ, ಹಲಗೆಯ ಮೇಲೆ ಮಲಗಿಸಿ, ತಲೆಯನ್ನು ಬಳೆಯೊಳಗೆ ತಳ್ಳಿದರು. ಕಿಟಕಿಯ ಗಾಜಿನಿಂದ ನನಗೆ ಕಂಡದ್ದು ಅವಳ ಪಾದಗಳು ಮಾತ್ರ. ಒಂದರ ಮೇಲೊಂದು ಒತ್ತಿಕೊಂಡಿದ್ದವು.

ಡಾಕ್ಟರು ಆ ಫಿಲ್ಮನ್ನು ದೀಪದ ಪೆಟ್ಟಿಗೆಗೆ ಸಿಕ್ಕಿಸಿದರು. ಸಾಲುಸಾಲಾಗಿ ತಲೆಗಳು, ಅಕ್ರೋಟು ಸೀಳಿಟ್ಟ ಹಾಗೆ. ಒಂದರಲ್ಲಿ ಎಡಗಡೆಗೆ ಬಿಳಿಯ ಉಂಗುರ, ಉಂಗುರದೊಳಗೆ ಒಂದು ಬಿಳಿಯ ಚುಕ್ಕೆ.

"ಮಾವಶಿ, ಇದು ಹುಳ," ಅಂದರು. "ಚುಕ್ಕಿ ಐತಲ್ಲ, ಅದು ಹುಳದ ತಲಿ. ಸುತ್ತಲಿಂದು ಬಾವು. ಹಂದ್ಯಾಗ ಇರೋ ಲಾಡಿಹುಳದ ಮರಿ ಇದು."

ಹಂದಿ! ನಾನು ಎದ್ದು ನಿಂತೆ. ನಾವು ಜೈನರು ಎಂದೆ. ತತ್ತಿ ಸಹ ಮುಟ್ಟದವರು ಎಂದೆ. ನೀರು ಸೋಸುವುದನ್ನೂ ಹೇಳಿದೆ. ಹೊರಗೆ ಕೂತವರೆಲ್ಲ ಇಣುಕಿದರು.

"ನಿಮ್ಮ ಸೊಸಿ ಹಂದಿ ತಿಂದಾಳ ಅಂತ ನಾ ಅಂದಿಲ್ಲ, ಕೂಡ್ರಿ. ಅರಬೆಂದ ಹಂದಿಮಾಂಸ ತಿಂದವರ ಹೊಟ್ಯಾಗ ಉದ್ದನ ಹುಳ ಬೆಳೀತೈತಿ. ಅವರಿಗೆ ಬಹಳ ತ್ರಾಸ ಆಗಂಗಿಲ್ಲ. ಅದರ ತತ್ತಿ ಅವರ ಸಂಡಾಸದಾಗ ಹೊರಗ ಬೀಳತಾವ, ಕಣ್ಣಿಗೆ ಕಾಣಂಗಿಲ್ಲ. ಅವರು ಕೈ ಛಲೋ ತೊಳಕೊಳ್ಳದ ನೀರು ಮುಟ್ಟಿದ್ರ, ಅನ್ನ ಮುಟ್ಟಿದ್ರ, ಅವು ಇನ್ನೊಬ್ರ ಹೊಟ್ಟಿಗೆ ಹೋಗಿ ರಕ್ತದಾಗ ಹರದು ತಲಿಗೆ ಏರತಾವ. ತಿಂದವರೊಬ್ರು, ಅನುಭವಿಸವರು ಇನ್ನೊಬ್ರು."

"ಹಳೇದಲ್ಲೇನ್ರಿ? ಸಣ್ಣಾಕಿ ಇದ್ದಾಗಿಂದು?"

"ಹಳೇದಾಗಿ ಸತ್ತಿದ್ರ ಸುಣ್ಣದ ಹರಳಿನಂಗ ಕಾಣತಿತ್ತು. ಇದು ಇನ್ನೂ ಹಸಿ ಐತಿ. ಖಾತ್ರಿ ಹೇಳಾಕ ಬರಂಗಿಲ್ಲ, ಖರೆ ನನಗ ಲಗ್ನದ ಈಚಿಂದು ಅನಸತೈತಿ. ನಿಮ್ಮ ಮನ್ಯಾಗ ಊಟ, ನೀರು ಮುಟ್ಟವರು ಯಾರ್ಯಾರು?"

ನಾನು, ಮಗ, ಈಕೆ. ಪಾತ್ರೆ ತಿಕ್ಕುವ ಸಕ್ಕುಬಾಯಿ. ಅವಳ ಹೆಸರು ಬಾಯಿಂದ ಬಿದ್ದದ್ದೇ ನನಗೆ ಎಲ್ಲವೂ ತಿಳಿಯಿತು. ಎಲ್ಲರ ಸಂಡಾಸವನ್ನೂ ತಪಾಸಣೆಗೆ ತರಬೇಕಂತೆ. ನಾಲ್ಕು ಪ್ಲಾಸ್ಟಿಕ್ ಡಬ್ಬಿ ಕೊಟ್ಟರು. ಐವತ್ತೆರಡು ವರ್ಷದ ನನಗೆ!

ರೈಲಿನಲ್ಲಿ ಭಾವುಸಾಹೇಬ ಕಿಟಕಿಯತ್ತ ಮುಖ ಮಾಡಿ ಅತ್ತ. ನನ್ನನ್ನು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ.

20 ಫೆಬ್ರುವರಿ, ಬುಧವಾರ

ಸಕ್ಕುಬಾಯಿಯನ್ನು ಬಿಡಿಸಿದೆ. ಅಂಗಳದಲ್ಲೇ ನಿಲ್ಲಿಸಿ ಕೇಳಿದೆ.

"ನಿಮ್ಮ ಓಣ್ಯಾಗ ಹಂದಿ ತಿಂತೀರಿಲ್ಲೊ?"

"ತಿನ್ನವ್ರು ತಿಂತಾರ್ರಿ. ನಮ್ಮ ಮನ್ಯಾಗಿಲ್ಲ. ಮಂಗಸೂಳಿ ಮಲ್ಲಯ್ಯನ ಮ್ಯಾಲ ಆಣಿ ಮಾಡಿ ಹೇಳ್ತೀನ್ರಿ."

"ಎಲ್ಲಾರೂ ಆಣಿ ಮಾಡವ್ರ. ನಿನ್ನ ಕೈಯಿಂದನ ನಮ್ಮ ಮನಿಗೆ ಹುಳ ಬಂತು."

ಪಕ್ಕದ ಮನೆಯ ಕಸ್ತೂರೆವ್ವ ಕಟ್ಟೆಗೆ ಬಂದು ನಿಂತಳು, ಆಚೆ ಮನೆಯವರೂ ಬಂದರು. ಸಕ್ಕುಬಾಯಿ ಕೈಯಲ್ಲಿದ್ದ ಬೋಗುಣಿಯನ್ನು ತೊಳೆದು, ಬೋರಲಾಗಿ ಇಟ್ಟು, ಸೆರಗು ಹೊದ್ದುಕೊಂಡು ಹೋದಳು. ಹದಿನಾಲ್ಕು ವರ್ಷ ಕೆಲಸ ಮಾಡಿದವಳಿಗೆ ಅಳುವಾದರೂ ಬರಬೇಡವೇ? ಎಂಥ ಸೊಕ್ಕು.

ಆಮೇಲೆ ಕಸ್ತೂರೆವ್ವ, "ಸಕ್ಕುಬಾಯಿ ಸುಳ್ಳಾಕಿ ಅಲ್ಲವಾ," ಅಂದಳು. "ಹಂಗಾರ ನಮ್ಮ ಸೊಸಿನ ಬೋರಗಾಂವದಾಗ ಏನೇನ ತಿಂದಾಳೊ ಯಾರು ಬಲ್ರು?" ಅಂದೆ. ಅಂದೆ, ಅಷ್ಟೇ.

26 ಫೆಬ್ರುವರಿ, ಮಂಗಳವಾರ

ಇವತ್ತಿನದನ್ನು ಹೇಗೆ ಬರೆಯಲಿ? ಸಕ್ಕುಬಾಯಿ ಬೆಳಿಗ್ಗೆ ಬಾಗಿಲಿಗೆ ಬಂದಳು. ಕಾಗದದಲ್ಲಿ ಸುತ್ತಿದ ಡಬ್ಬಿಯನ್ನು ಕಟ್ಟೆಯ ಮೇಲಿಟ್ಟಳು.

"ನಂದೂ ಒಯ್ರಿ ಮಿರಜಿಗೆ."

"ನಿನಗ ಯಾರು ಕೊಟ್ರು ಡಬ್ಬಿ?"

"ನಿಮ್ಮ ಸೊಸಿಯಾರು."

ಹುಡುಗಿಯನ್ನು ಕರೆದು ಕೇಳಿದೆ. "ಡಾಕ್ಟರು ಅಂದಿದ್ರಲ್ರಿ, ಆಕಿದೂ ಬೇಕು ಅಂತ," ಅಂದಳು. ನನ್ನ ಬೆನ್ನ ಹಿಂದೆ ಓಣಿಗೆ ಹೋಗಿ ಕೊಟ್ಟು ಬಂದಿದ್ದಾಳೆ! ಬೈದೆ. ಆ ಡಬ್ಬಿಯನ್ನು ಎತ್ತಿ ಮಿರಜಿನ ಚೀಲಕ್ಕೆ ಹಾಕಿದಳು. ಈ ಹುಡುಗಿಯ ಮೌನ ನನಗೆ ಆಗದು.

ಧರಣೇಂದ್ರ ಮಾತ್ರ ಡಬ್ಬಿಯನ್ನು ಮುಟ್ಟುವುದಿಲ್ಲ. ನಾಳೆ ಎನ್ನುತ್ತಾನೆ, ಪ್ಯಾಕಿಂಗ್ ಇದೆ ಎನ್ನುತ್ತಾನೆ. ಗಂಡಸಿಗೆ ನಾಚಿಕೆ ಆಗುವಂಥದ್ದೇ. ನನಗೇ ಆಗಿದೆ.

5 ಮಾರ್ಚ್, ಮಂಗಳವಾರ

ಮೂರು ರಿಪೋರ್ಟು ಬಂದವು. ನನ್ನದರಲ್ಲಿ ಏನೂ ಇಲ್ಲ. ರಾಜಮತಿಯದರಲ್ಲಿ ಇಲ್ಲ. ಸಕ್ಕುಬಾಯಿಯದರಲ್ಲೂ ಇಲ್ಲ.

"ಮಗಂದು?" ಎಂದರು ಡಾಕ್ಟರು. ಸೀಜನ್ನು ಎಂದೆ. ಅವರು ಪೆನ್ನು ಕೆಳಗಿಟ್ಟು ನನ್ನನ್ನೇ ನೋಡಿದರು. ಅವರ ಆ ನೋಟಕ್ಕೆ ನನಗೆ ಎಷ್ಟು ಸಿಟ್ಟು ಬಂತೆಂದರೆ ನಮಸ್ಕಾರವನ್ನೂ ಮಾಡದೆ ಹೊರಗೆ ಬಂದೆ.

ಶನಿವಾರ ದಾಖಲು ಮಾಡಬೇಕಂತೆ. ಗುಳಿಗೆ ಶುರು ಮಾಡಿದಾಗ ಹುಳ ಸಾಯುತ್ತಾ ಬಾವು ಹೆಚ್ಚಾಗಬಹುದು, ಕಣ್ಣೆದುರಿಗೇ ಇರಬೇಕು ಎಂದಿದ್ದಾರೆ.

ಮಿರಜ, 11 ಮಾರ್ಚ್, ಸೋಮವಾರ

ರಾತ್ರಿ ಹಗಲು ತಲೆನೋವು. ಎರಡೂ ಕೈಯಿಂದ ಹಣೆಯನ್ನು ಹಿಡಿದುಕೊಂಡು ಗೋಡೆಗೆ ಒತ್ತುತ್ತಾಳೆ. ನೀರು ಕುಡಿದರೂ ವಾಂತಿ. ಇಂದು ಮಧ್ಯಾಹ್ನ ಮತ್ತೆ ಕೈ ಕುಣಿಯತೊಡಗಿತು. ನರ್ಸು ಇನ್ನೊಂದು ವಾರ್ಡಿನಲ್ಲಿ ಹರಟೆ ಹೊಡೆಯುತ್ತಿದ್ದಳು. ಹೋಗಿ ಕೈಹಿಡಿದು ಎಳೆದುಕೊಂಡೇ ಬಂದೆ. "ಈ ಹುಡುಗಿಗೆ ಏನರ ಆತಂದ್ರ ನಿನ್ನ ಬಿಡಾಂಗಿಲ್ಲ," ಎಂದು ಕೂಗಿದೆ. ಮರಾಠಿಯಲ್ಲೂ ಅಂದೆ, ತಿಳಿಯಲಿ ಎಂದು. ಸೂಜಿ ಚುಚ್ಚಿದರು, ನಿಂತಿತು.

ಧರಣೇಂದ್ರ ಬಂದಿಲ್ಲ. ಭಾವುಸಾಹೇಬ ದಿನವೂ ಬೋರಗಾಂವದಿಂದ ಇಚಲಕರಂಜಿಗೆ ಬಂದು ಅಲ್ಲಿಂದ ಬಸ್ಸು ಹತ್ತಿ ಎಳನೀರು ತರುತ್ತಾನೆ. ಇವತ್ತು ಅವನಿಗೂ ಚಹಾ ತರಿಸಿದೆ.

13 ಮಾರ್ಚ್, ಬುಧವಾರ

ನೋವು ಸ್ವಲ್ಪ ಇಳಿದಿದೆ. ಬಾವು ಇಳಿಸುವ ಔಷಧ ಹಿಡಿಯಿತು. ಅವಳ ತಲೆ ಬಾಚುತ್ತಿದ್ದೆ. ನಾಲ್ಕು ದಿನದ ಸಿಕ್ಕು.

"ರಾಜಮತಿ, ನಿನಗ ಏನರ ಗೊತ್ತೈತೇನ?"

ಬಾಚಣಿಗೆಯನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ಗೋವಾದಾಗ ಹಣ್ಣು ತಗೊಳ್ಳೋ ವ್ಯಾಪಾರಿ ಅದಾನ್ರಿ. ಹೋದಾಗೊಮ್ಮೆ ಇವರನ್ನ ಮನಿಗೆ ಕರದು ಊಟ ಹಾಕತಾನ. ಹಂದಿಮಾಂಸ ತಿನ್ನದಿದ್ರ ಹಳ್ಳ್ಯಾಂವ ಅಂತ ನಗತಾರಂತ. ಮೂರು ವರ್ಷ ಆತಂತ್ರಿ, ತಿನ್ನಾಕ ಹತ್ತಿ. ಅವರ ಹೇಳಿದ್ರು ಒಮ್ಮೆ."

"ನನಗ ಯಾಕ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನ್ರಿ?"

ನೀರು ತರುತ್ತೇನೆ ಎಂದು ಎದ್ದೆ. ತಂಬಿಗೆ ತುಂಬಾ ನೀರಿತ್ತು.

ಶೇಡಬಾಳ, 15 ಮಾರ್ಚ್, ಶುಕ್ರವಾರ

ಒಂದು ದಿನದ ಮಟ್ಟಿಗೆ ಭಾವುಸಾಹೇಬನನ್ನು ಅವಳ ಹತ್ತಿರ ಕೂಡಿಸಿ ಊರಿಗೆ ಬಂದೆ. ಧರಣೇಂದ್ರ ಉಣ್ಣುತ್ತಿದ್ದ. ತಾಟಿನ ಪಕ್ಕದಲ್ಲೇ ಡಬ್ಬಿ ಇಟ್ಟೆ.

"ಕೊಡದಿದ್ರ ಎದ್ದು ಹೋಗು ಈ ಮನಿ ಬಿಟ್ಟು."

ಅವನು ಅಳಲಿಕ್ಕೆ ಶುರು ಮಾಡಿದ. ಎಲ್ಲ ಹೇಳಿದ. ತಿಂದದ್ದು ಇರಲಿ. ಸಂಡಾಸದಲ್ಲಿ ಬಿಳಿಬಿಳಿ ಲಾಡಿ ತುಣುಕುಗಳು ಬೀಳುತ್ತಿದ್ದವಂತೆ. ಒಂದು ವರ್ಷದಿಂದ ನೋಡಿದ್ದಾನೆ!

"ಅಂಜಿದ್ನಿ ಅವ್ವಾ. ಡಾಕ್ಟರ್ ಕಡೆ ಹೋದ್ರ ಏನ ತಿಂತಿ ಅಂತ ಕೇಳತಾರ. ನಿನಗ ತಿಳದ್ರ ನೀ ಅನ್ನ ನೀರು ಬಿಡತಿದ್ದಿ. ಅದಕ್ಕ ಸುಮ್ನ ಕುಂತೆ."

"ಅಕಿ ಬಿದ್ದು ಒದ್ದಾಡಾಗೂ ಸುಮ್ನ ಕುಂತ್ಯಲ್ಲೋ! ಮಿರಜಿನಾಗ ಹುಳ ಅಂದಾಗರ ಬಾಯಿ ಬಿಡಬೇಕಿಲ್ಲೊ! ಸಕ್ಕುಬಾಯಿನ್ನ ನಾ ಹೊರಗ ಹಾಕಿದಾಗ ಎಲ್ಲಿದ್ದಿ?"

"ಇಲ್ಲೇ ಇದ್ನಿ," ಅಂದ.

ಹೊಡೆದೆ. ಇಪ್ಪತ್ತೇಳು ವರ್ಷದವನನ್ನು ಹೊಡೆದೆ. ಕೈ ಇನ್ನೂ ಉರಿಯುತ್ತಿದೆ.

18 ಮಾರ್ಚ್

ರಿಪೋರ್ಟು ಬಂತು. ಅವನೇ.

24 ಮಾರ್ಚ್, ಭಾನುವಾರ

ರಾಜಮತಿಯನ್ನು ಮನೆಗೆ ಕರೆತಂದು ನಾಲ್ಕು ದಿನವಾಯಿತು. ಅವನು ಹೇಳಿದ್ದನ್ನೆಲ್ಲ, ತುಣುಕಿನದನ್ನೂ, ಅವಳಿಗೆ ಹೇಳಿದ್ದೇನೆ. ಫಿಟ್ಸಿನ ಗುಳಿಗೆ ಇನ್ನೆರಡು ವರ್ಷ ನುಂಗಬೇಕು. ಅವನಿಗೂ ಹುಳದ ಗುಳಿಗೆ ಕೊಟ್ಟಿದ್ದಾರೆ. ಪಡಸಾಲೆಯಲ್ಲಿ ಮಲಗುತ್ತಾನೆ. ಯಾರೂ ಹೇಳಿದ್ದಲ್ಲ.

ಇವತ್ತು ಸಕ್ಕುಬಾಯಿಯ ಮನೆಗೆ ಹೋದೆ. ಹದಿನಾಲ್ಕು ವರ್ಷದಲ್ಲಿ ಆ ಓಣಿಯನ್ನು ನೋಡಿರಲಿಲ್ಲ. ಬಾಗಿಲಲ್ಲಿ ಸೆಗಣಿ ಸಾರಿಸಿ ರಂಗೋಲಿ ಹಾಕಿದ್ದಳು. ಕೂಡಲಿಕ್ಕೆ ಚಾಪೆ ಹಾಸಿದಳು.

"ಕೆಲಸಕ್ಕ ಬಾ ನಾಳಿಂದ."

"ದ್ರಾಕ್ಷಿ ಒಣಗಸೋ ಶೆಡ್ಡಿನಾಗ ಕೆಲಸಕ್ಕ ಹತ್ತೀನ್ರಿ." ಎದುರಿಗೆ ಕೂತು, "ನೀವು ತಪ್ಪಾತು ಅನ್ನಾಕ ಬಂದೀರೊ, ಕೆಲಸಕ್ಕ ಕರ್ಯಾಕ ಬಂದೀರೊ?" ಅಂದಳು.

"ಎರಡಕ್ಕೂ."

"ಮೊದಲಿಂದು ಇನ್ನೂ ಅಂದಿಲ್ರಿ ನೀವು."

ಅಂದೆ.

"ನೀವು ನನ್ನನ್ನ ಬೈದಿದ್ದು ನಾಕ ಮಂದಿ ಮುಂದ ಅವ್ವಾರ. ಇಲ್ಲಿ ನಾವಿಬ್ರ ಅದೀವಿ."

ಎದ್ದು ಬಂದೆ. ದಾರಿಯುದ್ದಕ್ಕೂ ಅವಳ ಮೇಲೆ ಕುದಿಯುತ್ತಿದ್ದೆ. ಅವಳು ಹೇಳಿದ್ದರಲ್ಲಿ ತಪ್ಪೇನು ಎಂದು ಹುಡುಕಿದೆ. ಮನೆ ಬಂದರೂ ಸಿಗಲಿಲ್ಲ.

28 ಮಾರ್ಚ್, ಗುರುವಾರ. ಮಹಾವೀರ ಜಯಂತಿ

ಬಸದಿಯಲ್ಲಿ ತೊಟ್ಟಿಲ ಪೂಜೆ ಮುಗಿದು ಹೆಂಗಸರೆಲ್ಲ ಮಂಟಪದಲ್ಲಿ ಕೂತಿದ್ದರು. ರಾಜಮತಿ ತಟ್ಟೆ ಹಿಡಿದು ಬಂದಾಗ ಇಬ್ಬರು ಸೀರೆ ಸರಿಸಿಕೊಂಡರು. ಒಬ್ಬಳು ಕಸ್ತೂರೆವ್ವನ ಕಿವಿಯಲ್ಲಿ, "ಹೊಲಸು ತಿಂದಾಕಿ," ಅಂದಳು. ರಾಜಮತಿ ತಟ್ಟೆಯನ್ನು ಅಲ್ಲೇ ಇಟ್ಟು ಹೊರಗೆ ಹೋದಳು.

ಅವರು ಆಡಿದ್ದು ನನ್ನದೇ ಮಾತು. ನಾನೇ ಕಸ್ತೂರೆವ್ವನಿಗೆ ಕೊಟ್ಟದ್ದು.

ಎದ್ದು ನಿಂತೆ. "ಎಲ್ಲಾರೂ ಕೇಳ್ರಿ," ಅಂದೆ. ತಿಂದವನು ನನ್ನ ಮಗ ಧರಣೇಂದ್ರ ಅಂದೆ. ಹುಳ ಅವನ ಹೊಟ್ಟೆಯದು, ನೋವು ಇವಳ ತಲೆಯದು ಅಂದೆ. ಸಕ್ಕುಬಾಯಿಯ ಮೇಲೆ ಸುಳ್ಳು ಹೊರಿಸಿದವಳು ನಾನು, ಅವಳ ರಿಪೋರ್ಟು ನನ್ನ ಹತ್ತಿರ ಇದೆ ಎಂದೆ. "ಇನ್ನ ಯಾರಿಗರ ಸೀರಿ ಸರಸೂದಿದ್ರ ನನ್ನ ನೋಡಿ ಸರಸ್ರಿ."

ಹೊರಗೆ ಬರುವಾಗ ಕಸ್ತೂರೆವ್ವ ಅಡ್ಡ ಬಂದಳು. "ಏನ ಮಾಡಿದಿ ಚಂದ್ರಮತಿ? ಹಡದ ಮಗನ ಮಾನ ತಗದ್ಯಲ್ಲ."

"ಸೊಸಿ ಮಾನ ತಗದಾಗ ನೀ ಏನೂ ಅನಲಿಲ್ಲಲ್ಲ," ಎಂದೆ.

18 ಜೂನ್, ಮಂಗಳವಾರ

ತೋಟ, ಮಳೆ, ಇವನ ಮುಖ. ಇಷ್ಟು ದಿನ ಬರೆಯುವಂಥದ್ದೇನೂ ಇರಲಿಲ್ಲ.

ಇವತ್ತು ಮಿರಜಿನಲ್ಲಿ ಎರಡನೆಯ ಸ್ಕ್ಯಾನಿಂಗ್. ಡಾಕ್ಟರು ಹೊಸ ಫಿಲ್ಮು ಸಿಕ್ಕಿಸಿದರು. ಅವರು ಬಾಯಿ ಬಿಡುವ ಮೊದಲೇ ನಾನು ಎಡಗಡೆಯ ಜಾಗವನ್ನು ಹುಡುಕಿದೆ. ಉಂಗುರ ಇಲ್ಲ. ಚುಕ್ಕೆ ಇಲ್ಲ. ಬಾವೂ ಇಲ್ಲ. "ಸ್ವಚ್ಛ ಆಗೇತಿ ಮಾವಶಿ," ಎಂದರು. "ಮೊದಲ ಹೇಳಬೇಕಿಲ್ಲೇನ್ರಿ, ಎಷ್ಟೊತ್ತು ಕೂಡಸತೀರಿ," ಎಂದು ಅವರ ಮೇಲೂ ರೇಗಿದೆ. ಅವರು ನಕ್ಕರು. ನಗುವಂಥದ್ದೇನಿತ್ತೋ. ಮೂಗು ಒರೆಸಿಕೊಳ್ಳಲಿಕ್ಕೆ ಹೊರಗೆ ಬಂದೆ.

19 ಜೂನ್, ಬುಧವಾರ

ಭಾವುಸಾಹೇಬ ಬಂದಿದ್ದ. ಮಗಳನ್ನು ಕರೆದುಕೊಂಡು ಹೋಗುತ್ತೇನೆ, ಈ ಮನೆಯಲ್ಲಿ ಬಿಡುವುದಿಲ್ಲ ಎಂದ. ದನಿ ಈಗ ಮಗ್ಗದವನದ್ದೇ ಆಗಿತ್ತು. ಇಲ್ಲೇ ಇರುತ್ತಾಳೆ, ನಾನು ನೋಡಿಕೊಳ್ಳುತ್ತೇನೆ ಎಂದೆ. ನೀವು ನೋಡಿಕೊಂಡದ್ದು ಗೊತ್ತಿದೆ ಎಂದ. ಇವಳಿಗೋಸ್ಕರ ನಾನು ಬಸದಿಯಲ್ಲಿ ಮಗನನ್ನೇ ಬಯಲಿಗಿಟ್ಟವಳು ಎಂದೆ.

ಪಡಸಾಲೆಯ ಬಾಗಿಲಲ್ಲಿ ನಿಂತಿದ್ದ ರಾಜಮತಿ ಆಗ ಬಾಯಿ ತೆಗೆದಳು.

"ನನ್ನ ಕೇಳಿ ಹೇಳಿದ್ರೇನ್ರಿ ಅಲ್ಲಿ?"

ಅಂಥ ದನಿ ಅವಳಲ್ಲಿ ಇದೆಯೆಂದೇ ನನಗೆ ಗೊತ್ತಿರಲಿಲ್ಲ.

"ನನ್ನ ತಲಿ ಅದು. ಇಡೀ ಊರಿಗೆ ಸಾರಿ ಬಂದ್ರಿ. ಈಗ ಬಾವಿಕಟ್ಟಿಗೆ ಹೋದ್ರ 'ತಲ್ಯಾಗ ಹುಳ ಇದ್ದಾಕಿ ಬಂದ್ಲು' ಅಂತಾರ. ಮೊದಲ ಹೊಲಸು ತಿಂದಾಕಿ ಅಂತ ನೀವ ಅಂದ್ರಿ, ಆಮ್ಯಾಲ ತಿಂದಿಲ್ಲ ಅಂತ ನೀವ ಅಂದ್ರಿ. ಎರಡು ಸಲಾನೂ ನನ್ನ ಯಾರೂ ಕೇಳಲಿಲ್ಲ. ಅಪ್ಪಾ, ನೀನೂ ಅಷ್ಟ. ಯಂತ್ರದಾಗ ಮಲಗು ಅಂದ್ರಿ, ಮಲಗಿದೆ. ಡಬ್ಬಿ ಕೊಡು ಅಂದ್ರಿ, ಕೊಟ್ಟೆ. ಇವರು..." ಮೂಲೆಯಲ್ಲಿ ಕೂತಿದ್ದ ಧರಣೇಂದ್ರನ ಕಡೆ ತಿರುಗಿದಳು. "ಇವರು ನಾ ಸತ್ತಿದ್ರೂ ಸುಮ್ನ ಕೂಡತಿದ್ರು. ನೋಡ್ರಿ, ಈಗೂ ಕುಂತಾರ!"

ಗೋಡೆಗೆ ಒರಗಿಸಿದ್ದ ಹಣ್ಣಿನ ಖಾಲಿ ಪೆಟ್ಟಿಗೆಗಳನ್ನು ಕಾಲಿನಿಂದ ಒದ್ದಳು. ಅವು ಉರುಳಿ ಅಂಗಳಕ್ಕೆ ಬಿದ್ದವು. ಎದುರುಮನೆಯವರು ಹೊರಗೆ ಬಂದರು. ಅವಳು ದನಿ ಇಳಿಸಲಿಲ್ಲ.

ನಾನು ಕಂಬದ ಬುಡದಲ್ಲಿ ಕೂತೆ. ಅವಳು ಹೇಳುವುದೆಲ್ಲ ಮುಗಿಯುವವರೆಗೆ ಕೂತೇ ಇದ್ದೆ. ಡಾಕ್ಟರು ಸಿಟ್ಟಿನ ಕಾವು ಏರಬಾರದು ಎಂದಿದ್ದಾರಲ್ಲ, ಫಿಟ್ಸು ಬಂದರೆ ಎಂದು ಅವಳ ಬಲಗೈಯನ್ನೇ ನೋಡುತ್ತಿದ್ದೆ. ಕುಣಿಯಲಿಲ್ಲ. ಗಟ್ಟಿಯಾಗಿತ್ತು.

ಕೊನೆಗೆ ಅವಳೇ ಹೇಳಿದಳು. "ನಾ ಬೋರಗಾಂವಕ್ಕ ಹೋಗ್ತೀನಿ. ನೀವು ಕಳಸ್ತೀರಿ ಅಂತಲ್ಲ, ಅಪ್ಪ ಕರದಾನ ಅಂತಲ್ಲ. ಇವರು ಅಲ್ಲಿ ಬಂದು ನಮ್ಮ ಅವ್ವನ ಮುಂದ, ನಮ್ಮ ಮಂದಿ ಮುಂದ, ತಮ್ಮ ಬಾಯಿಲೆ ಹೇಳ್ಲಿ. ಆಮ್ಯಾಲ ತಿರಗಿ ಬರೂದು ಬಿಡೂದು ನಾ ನೋಡ್ತೀನಿ."

"ನಾನೂ ಬರ್ಲೇನ ಅವನ ಸಂಗಟ?" ಎಂದೆ.

"ನೀವು ಬ್ಯಾಡ್ರಿ."

2 ಜುಲೈ, ಮಂಗಳವಾರ

ರಾಜಮತಿ ತವರಿಗೆ ಹೋದ ಮೇಲೆ ಹತ್ತು ದಿನ ಧರಣೇಂದ್ರ ಅದೂ ಇದೂ ನೆಪ ಹೇಳಿದ. ನಿನ್ನೆ ಅವನ ಚಪ್ಪಲಿಯನ್ನು ಹೊರಗೆ ಇಟ್ಟು ಬಾಗಿಲು ಹಾಕಿಕೊಂಡೆ. ಹೋದ.

ಸಂಜೆ ಒಬ್ಬನೇ ಬಂದ. ಹೊತ್ತು ಮುಳುಗಲಿಕ್ಕಿತ್ತು, ಬಡಿಸಿದೆ. ತಿನ್ನಲಿಲ್ಲ.

"ಹೇಳಿದ್ಯೊ?"

"ಹೇಳಿದ್ನಿ. ಅವರವ್ವ ಎದ್ದು ಒಳಗ ಹೋದ್ಲು. ಮಾವ ಮಗ್ಗ ಚಾಲೂ ಮಾಡಿದ."

"ಅಕಿ ಏನಂದ್ಲು?"

"ಅರ್ಧಾ ಹೇಳೀರಿ ಅಂದ್ಲು. ತುಣುಕು ನೋಡಿ ಒಂದು ವರ್ಷ ಸುಮ್ನಿದ್ದದ್ದು ಹೇಳಿಲ್ಲ ಅಂದ್ಲು. ಮುಂದಿನ ಸೋಮವಾರ ಬರ್ರಿ, ಅದನ್ನ ಹೇಳ್ರಿ ಅಂದ್ಲು."

"ಹೇಳಿದ ಮ್ಯಾಲ ಬರ್ತಾಳಂತೇನ?"

"ಅದನ್ನ ಹೇಳಲಿಲ್ಲ."

ಅವಳು ಈಗಲೇ ಹೇಳುವುದು ಬೇಡ. ಅವಳಿಗೆ ತಿಳಿದಾಗ ಹೇಳುತ್ತಾಳೆ. ಇವನು ಪ್ರತಿ ಸೋಮವಾರ ಹೋಗಲಿ, ದೀಪಾವಳಿಯವರೆಗೂ ಹೋಗಲಿ.

ಇವತ್ತು ಬೆಳಿಗ್ಗೆ ಸ್ಟ್ಯಾಂಡಿಗೆ ನಡೆದುಕೊಂಡು ಹೋಗಿ ಇವನ ಸೋಮವಾರಕ್ಕೆಂದು ಕಂಟ್ರೋಲರನ್ನು ಕೇಳಿ ಬಂದೆ. ಮಿರಜಿಗೆ ಮೊದಲ ಬಸ್ಸು ಆರೂಕಾಲಿಗೆ. ಅದಕ್ಕೆ ಹೋದರೆ ಇಚಲಕರಂಜಿಯಲ್ಲಿ ಬೋರಗಾಂವದ ಬಸ್ಸು ತಪ್ಪುವುದಿಲ್ಲವಂತೆ.